ಉಳಿದ 95 ಏನು? ಬೇರಿನಿಂದ ಮದ್ದು ಹೊರಬರುವ ದಾರಿ

ಮೇಲಿನ ಮನೆಯ ಆಂಟಿ ಕಳೆದ ವಾರ ಒಂದು ಡಬ್ಬಿ ಹಿಡಿದುಕೊಂಡು ಬಂದರು. ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಅಶ್ವಗಂಧದ ಕ್ಯಾಪ್ಸೂಲ್. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ‘ಬೇರಿನ ಎಕ್ಸ್‌ಟ್ರಾಕ್ಟ್, ವಿಥನೊಲೈಡ್ 5%’ ಎಂದಿತ್ತು. ವಿಥನೊಲೈಡ್ ಅಂದರೇನು ಎಂದು ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ. “ಅಲ್ಲಾ, 5 ಪರ್ಸೆಂಟ್ ಇದು ಅಂದ್ರೆ ಉಳಿದ 95 ಏನು?”

ಸುಮ್ನೆ ಕೇಳಿದ ಹಾಗಿತ್ತು. ಆದರೆ ಬೇರಿನ ಮದ್ದುಗಳ ಮೇಲೆ ಕೆಲಸ ಮಾಡುವ ರಸಾಯನ ವಿಜ್ಞಾನಿಗಳು ಸುಮಾರು ನೂರು ವರ್ಷದಿಂದ ತಲೆ ಕೆಡಿಸಿಕೊಂಡಿರುವುದೂ ಇದಕ್ಕೇ. ಒಂದು ಬೇರಿನಲ್ಲಿ ಏನೇನಿದೆ? ಅದರಲ್ಲಿ ಕೆಲಸ ಮಾಡುವುದು ಯಾವುದು? ಕೆಲಸ ಮಾಡುತ್ತದೆ ಎಂದು ಹೇಗೆ ಗೊತ್ತಾಗುತ್ತದೆ? ಈಗ ಅಂಗಡಿ ತುಂಬ ಇಂಥ ಡಬ್ಬಿಗಳು ಇರುವುದರಿಂದ ಈ ಪ್ರಶ್ನೆಗಳು ನಮ್ಮ ಮನೆಗೂ ಬಂದಿವೆ. ಅಶ್ವಗಂಧಕ್ಕೆ ಕೊನೆಯಲ್ಲಿ ಬರೋಣ. ಅದಕ್ಕೂ ಮೊದಲು ಇನ್ನೊಂದು ಬೇರಿನ ಕಥೆ ಹೇಳಬೇಕು. ಅದು ಸರ್ಪಗಂಧ.

ಬೇರು ಅಂದರೆ ಸಾರಿನ ಪುಡಿ

ಒಂದು ಪದ ಮೊದಲು ತಿಳಿದುಕೊಳ್ಳೋಣ: ಸಂಯುಕ್ತ. ಒಂದೇ ಬಗೆಯ ಅಣುಗಳಿಂದ ಆದ ವಸ್ತು ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ಸಕ್ಕರೆ ಒಂದು ಸಂಯುಕ್ತ. ಅಡುಗೆ ಉಪ್ಪು ಇನ್ನೊಂದು. ಸಾರಿನ ಪುಡಿ ಹಾಗಲ್ಲ, ಅದು ಮಿಶ್ರಣ. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ ಎಲ್ಲ ಹುರಿದು ಪುಡಿಯಾಗಿ ಒಂದಾಗಿಬಿಟ್ಟಿವೆ. ಈಗ ಯಾರೋ ಬಂದು “ಇದರಿಂದ ಮೆಂತ್ಯ ಮಾತ್ರ ತೆಗೆದುಕೊಡಿ” ಎಂದರೆ? ಬೇರಿನಿಂದ ಒಂದು ಸಂಯುಕ್ತವನ್ನು ಬೇರೆ ಮಾಡುವುದು ಅಂಥ ಕೆಲಸ.

ಒಣಗಿದ ಬೇರಿನ ಬಹುಪಾಲು ನಾರು, ಪಿಷ್ಟ, ಸಕ್ಕರೆ, ಖನಿಜ. ಮದ್ದಿನ ಗುಣದವು ಅನ್ನಬಹುದಾದ ವಸ್ತುಗಳು ಎಲ್ಲ ಸೇರಿದರೂ ಹಲವು ಸಲ ನೂರಕ್ಕೆ ಒಂದೆರಡು ಪಾಲು ಮಾತ್ರ. ಅವನ್ನು ಗಿಡ ನಮಗೋಸ್ಕರ ಮಾಡಿಕೊಂಡಿದ್ದಲ್ಲ. ಮಣ್ಣಿನಲ್ಲಿ ಬೂಷ್ಟು, ಹುಳು, ಬ್ಯಾಕ್ಟೀರಿಯಾ ಮುತ್ತಿಕೊಂಡಾಗ ಬೇರು ಎದ್ದು ಓಡುವುದಕ್ಕೆ ಆಗಲ್ಲ. ಕಹಿ, ವಿಷ, ಘಾಟು ಇವೇ ಅದರ ಬೇಲಿ. ಆ ಬೇಲಿಯ ಒಂದೊಂದು ಮುಳ್ಳು ನಮ್ಮ ಮೈಯಲ್ಲಿ ಇನ್ನೇನೋ ಮಾಡುತ್ತದೆ. ಅದನ್ನೇ ನಾವು ಮದ್ದು ಅನ್ನುತ್ತೇವೆ.

ಮೈಸೂರು ಕಡೆಯವರಿಗೆ ಮಾಗಳಿ ಬೇರಿನ ಉಪ್ಪಿನಕಾಯಿ ಗೊತ್ತಿರುತ್ತೆ. ಜಾಡಿಯ ಮುಚ್ಚಳ ತೆಗೆದರೆ ಪಕ್ಕದ ಕೋಣೆಯವರಿಗೂ ತಿಳಿಯುತ್ತದೆ. ಕೆಲವರಿಗೆ ಅದು ಘಮ, ಕೆಲವರಿಗೆ ತಿಗಣೆ ವಾಸನೆ. ಆ ವಾಸನೆಯ ಹೆಚ್ಚುಪಾಲು ಒಂದೇ ಒಂದು ಸಂಯುಕ್ತದ್ದು. ಹೆಸರು ಉದ್ದ: 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ಐಸ್‌ಕ್ರೀಮಿಗೆ ಹಾಕುವ ವೆನಿಲಿನ್‌ನಲ್ಲಿ ಎಷ್ಟು ಪರಮಾಣುಗಳಿವೆಯೋ ಇದರಲ್ಲೂ ಅಷ್ಟೇ, ಜೋಡಣೆ ಮಾತ್ರ ಬೇರೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಈ ಬೇರಿನ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಇದನ್ನು ಹೊರತೆಗೆಯುವುದು ಸುಲಭ. ಬೇರಿನ ಮೇಲೆ ಹಬೆ ಹಾಯಿಸಿದರೆ ವಾಸನೆಯ ವಸ್ತು ಹಬೆಯ ಜೊತೆ ಹಾರುತ್ತದೆ. ಹಬೆಯನ್ನು ತಣ್ಣಗೆ ಮಾಡಿದರೆ ನೀರಿನ ಜೊತೆ ಅದೂ ಸಿಗುತ್ತದೆ. ರೋಸ್ ವಾಟರ್ ಮಾಡುವ ಹಾಗೇ.

ಎಲ್ಲ ಬೇರೂ ಇಷ್ಟು ಸಲೀಸಲ್ಲ. ಸರ್ಪಗಂಧದಲ್ಲಿರುವುದು ಹಬೆಯ ಜೊತೆ ಏಳುವ ವಸ್ತುವಲ್ಲ.

ದೆಹಲಿಯ ಹರಳುಗಳು

ಸರ್ಪಗಂಧ ಮೊಣಕಾಲೆತ್ತರದ ಗಿಡ. ನಮ್ಮ ಕಡೆ ಸೂತ್ರನಾಭಿ ಎಂದೂ ಕರೆಯುತ್ತಾರೆ. ಬಿಳಿ ಹೂವಿಗೆ ಕೆಂಪು ತೊಟ್ಟು, ಮಾಗಿದರೆ ಕಪ್ಪಾಗುವ ಸಣ್ಣ ಹಣ್ಣು, ಅಂಕುಡೊಂಕಾದ ಕಹಿ ಬೇರು. ಪಶ್ಚಿಮ ಘಟ್ಟದ ಕಾಡುಗಳಲ್ಲೂ ಹಿಮಾಲಯದ ತಪ್ಪಲಿನಲ್ಲೂ ಬೆಳೆಯುತ್ತದೆ. ನಿದ್ದೆ ಬಾರದವರಿಗೆ, ರೇಗಾಡುವವರಿಗೆ ಇದರ ಬೇರು ಕೊಡುವುದು ಹಳೆಯ ರೂಢಿ. ಬಿಹಾರದ ಕಡೆ ಇದಕ್ಕೆ ‘ಪಾಗಲ್ ಕಿ ದವಾ’ ಎಂದೇ ಹೆಸರಿತ್ತು, ಹುಚ್ಚಿನ ಮದ್ದು ಎಂದು. ಹಾವಿನ ವಿಷಕ್ಕೂ ಮದ್ದು ಎಂದು ನಂಬಿದ್ದರು. ಆ ನಂಬಿಕೆ ಪರೀಕ್ಷೆಯಲ್ಲಿ ನಿಂತಿಲ್ಲ, ಹಾವು ಕಚ್ಚಿದರೆ ಆಸ್ಪತ್ರೆಯೇ ಗತಿ. ನಿದ್ದೆಯ ಮಾತು ಮಾತ್ರ ಸುಳ್ಳಾಗಿರಲಿಲ್ಲ.

ದೆಹಲಿಯ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನ್ ಅವರಿಗೆ ಹಳೆಯ ಮದ್ದುಗಳನ್ನು ಹೊಸ ರಸಾಯನಶಾಸ್ತ್ರದಿಂದ ಪರೀಕ್ಷಿಸಬೇಕು ಅನ್ನುವ ಆಸೆಯಿತ್ತು. ಅವರು ಕಟ್ಟಿದ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದ್ದರು. ಜರ್ಮನಿಯಲ್ಲಿ ಓದಿ ಬಂದ ಸಲೀಮುಜ್ಜಮಾನ್ ಸಿದ್ದಿಕಿ ಅಲ್ಲಿ ಸಂಶೋಧನೆ ಶುರು ಮಾಡಿದರು. ಅಷ್ಟರಲ್ಲಿ ಅಜ್ಮಲ್ ಖಾನ್ ತೀರಿಕೊಂಡಿದ್ದರು. 1931ರಲ್ಲಿ ಸಿದ್ದಿಕಿ ಮತ್ತು ಅವರ ಸಹೋದ್ಯೋಗಿ ಸರ್ಪಗಂಧದ ಬೇರಿನಿಂದ ಐದು ಬಗೆಯ ಶುದ್ಧ ಹರಳುಗಳನ್ನು ತೆಗೆದರು. ಅವುಗಳಲ್ಲಿ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತಾದಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಈ ಬೇರಿನಿಂದ ಬಿ.ಪಿ. ಇಳಿಯುತ್ತದೆ, ಮನಸ್ಸು ಶಾಂತವಾಗುತ್ತದೆ ಎಂದು ಬರೆದರು.

ಎರಡನ್ನೂ ಸೇರಿಸಿದರೆ ಕಥೆ ಮುಗಿಯಬೇಕಿತ್ತು, ಅಲ್ವಾ? ಇತ್ತ ಹರಳು, ಅತ್ತ ಗುಣ. ಮುಗಿಯಲಿಲ್ಲ. ಇಡೀ ಬೇರು ಕೊಟ್ಟಾಗ ಬರುವ ಆ ಶಾಂತತೆ, ಆ ಮಂಪರು ಈ ಹರಳುಗಳನ್ನು ಕೊಟ್ಟರೆ ಬರುತ್ತಿರಲಿಲ್ಲ. ಹರಳು ತೆಗೆದ ಮೇಲೆ ಉಳಿಯುತ್ತಿದ್ದ ಕಂದು ಬಣ್ಣದ ಅಂಟು ಇತ್ತಲ್ಲ, ಅದನ್ನು ಪ್ರಾಣಿಗಳಿಗೆ ಕೊಟ್ಟರೆ ಅವು ತೂಕಡಿಸುತ್ತಿದ್ದವು. 1940ರ ದಶಕದಲ್ಲಿ ಭಾರತದ ಸಂಶೋಧಕರು ಇದನ್ನು ಗಮನಿಸಿ ಬರೆದೂ ಇದ್ದರು. ಅಂದರೆ ಮದ್ದು ಚರಟದಲ್ಲಿ ಉಳಿದುಕೊಂಡಿತ್ತು.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಬೇರ್ಪಡಿಸುವ ಕೆಲಸವನ್ನು ಹಂತ ಹಂತವಾಗಿ ನೋಡಬೇಕು.

ಮೊದಲು, ಬೇರು ಅದೇನಾ?

ನೆಲದ ಮೇಲೆ ಗಿಡ ಇದ್ದಾಗ ಗುರುತು ಹಿಡಿಯಬಹುದು. ಒಣಗಿಸಿ ಮೂಟೆ ಕಟ್ಟಿದ ಮೇಲೆ ಎಲ್ಲ ಬೇರೂ ಒಂದೇ ಥರ ಕಾಣುತ್ತದೆ. ಸರ್ಪಗಂಧದ ಮೂಟೆಯಲ್ಲಿ ಅದರ ಹತ್ತಿರದ ನೆಂಟ ಗಿಡಗಳ ಬೇರು ಸೇರಿರುವುದು ಅಪರೂಪವಲ್ಲ. ಅದಕ್ಕೇ ಗಂಭೀರವಾಗಿ ಕೆಲಸ ಮಾಡುವವರು ಹೂವು, ಎಲೆ, ಬೇರು ಸಮೇತ ಒಂದು ಗಿಡವನ್ನು ಒತ್ತಿ ಒಣಗಿಸಿ, ಎಲ್ಲಿ ಯಾವತ್ತು ಕಿತ್ತದ್ದು ಎಂದು ಬರೆದು, ಸಂಗ್ರಹಾಲಯದಲ್ಲಿ ಇಡುತ್ತಾರೆ. ನಾಳೆ ಯಾರಾದರೂ “ನೀವು ಪರೀಕ್ಷೆ ಮಾಡಿದ್ದು ಯಾವ ಗಿಡ?” ಎಂದು ಕೇಳಿದರೆ ತೋರಿಸಲು. ಬೆಂಗಳೂರಿನ ಯಲಹಂಕದ ಬಳಿ ಇರುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯಲ್ಲಿ ಔಷಧಿ ಗಿಡಗಳ ಇಂಥ ದೊಡ್ಡ ಸಂಗ್ರಹ ಇದೆ.

ಆಮೇಲೆ ಒಣಗಿಸುವುದು. ಹಸಿ ಉಳಿದರೆ ಬೂಷ್ಟು ಬರುತ್ತದೆ. ಹಾಗೆಂದು ಉರಿಬಿಸಿಲಿಗೆ ಹಾಕಿದರೆ ಬೆಳಕಿಗೆ ಕೆಡುವ ವಸ್ತುಗಳು ಹಾಳಾಗುತ್ತವೆ. ನೆರಳಲ್ಲಿ ಒಣಗಿಸಬೇಕು ಅನ್ನುವ ಹಳಬರ ಮಾತಿಗೆ ಇದೇ ಕಾರಣ.

ಕಾಫಿ ಫಿಲ್ಟರ್, ಉಲ್ಟಾ ಕುಕ್ಕರ್

ಪುಡಿಯಾದ ಬೇರಿನಿಂದ ಬೇಕಾದ್ದನ್ನು ಕರಗಿಸಿ ಇಳಿಸಿಕೊಳ್ಳಬೇಕು. ನೀವು ದಿನಾ ಬೆಳಿಗ್ಗೆ ಇದನ್ನೇ ಮಾಡುತ್ತೀರಿ. ಫಿಲ್ಟರ್‌ಗೆ ಕಾಫಿ ಪುಡಿ ಹಾಕಿ ಬಿಸಿನೀರು ಸುರಿದರೆ ಡಿಕಾಕ್ಷನ್ ಕೆಳಗೆ, ಚರಟ ಮೇಲೆ. ಪ್ರಯೋಗಾಲಯದಲ್ಲೂ ಅಷ್ಟೇ. ಆದರೆ ನೀರಿನ ಬದಲು ಬಹುತೇಕ ಆಲ್ಕೋಹಾಲ್ ಸುರಿಯುತ್ತಾರೆ.

ಯಾಕೆ ಆಲ್ಕೋಹಾಲ್? ಮೆಣಸಿನಕಾಯಿ ಕಚ್ಚಿದಾಗ ನೀರು ಕುಡಿದರೆ ಖಾರ ಇಳಿಯಲ್ಲ, ಮೊಸರೋ ತುಪ್ಪವೋ ಬೇಕು. ಖಾರದ ಅಣು ನೀರಿಗೆ ಬಗ್ಗಲ್ಲ, ಜಿಡ್ಡಿಗೆ ಬಗ್ಗುತ್ತದೆ. ಹೀಗೆ ಒಂದೊಂದು ಅಣುವಿಗೆ ಒಂದೊಂದು ದ್ರವದ ಜೊತೆ ಹೊಂದಾಣಿಕೆ. ಆಲ್ಕೋಹಾಲ್ ಎರಡೂ ಕಡೆಯವರ ಜೊತೆ ಹೊಂದಿಕೊಂಡು ಹೋಗುವ ಆಸಾಮಿ. ಅದಕ್ಕೇ ಮೊದಲ ಸುತ್ತಿಗೆ ಅದು ಒಳ್ಳೆಯದು. ಯಾವ ದ್ರವ ಸುರಿದಿರಿ ಅನ್ನುವುದರ ಮೇಲೆ ಕೆಳಗೆ ಇಳಿಯುವುದೂ ಬದಲಾಗುತ್ತದೆ. ಒಂದೇ ಬೇರು, ನೀರಿನ ಕಷಾಯದಲ್ಲಿ ಇರುವುದೇ ಬೇರೆ, ಆಲ್ಕೋಹಾಲ್ ಎಕ್ಸ್‌ಟ್ರಾಕ್ಟ್‌ನಲ್ಲಿ ಇರುವುದೇ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಡಬ್ಬಿಯ ಹತ್ತಿರ ಹೋದಾಗ ಬೇಕಾಗುತ್ತದೆ.

ಮುಂದೆ ಆಲ್ಕೋಹಾಲನ್ನು ಆವಿ ಮಾಡಿ ಕಳೆಯಬೇಕು. ಜೋರಾಗಿ ಕುದಿಸಿದರೆ ಒಳಗಿರುವುದು ಸುಟ್ಟುಹೋಗುತ್ತದೆ. ಇಲ್ಲಿ ಕುಕ್ಕರಿನ ಉಲ್ಟಾ ಉಪಾಯ ಮಾಡುತ್ತಾರೆ. ಕುಕ್ಕರಿನಲ್ಲಿ ಒತ್ತಡ ಜಾಸ್ತಿ, ಆದ್ದರಿಂದ ನೀರು 100 ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ಪಾತ್ರೆಯಿಂದ ಗಾಳಿ ಎಳೆದು ಒತ್ತಡ ಇಳಿಸಿದರೆ, ಕೈ ಇಟ್ಟರೂ ಸುಡದಷ್ಟು ಬಿಸಿಯಲ್ಲೇ ಆಲ್ಕೋಹಾಲ್ ಕುದಿದು ಹೋಗುತ್ತದೆ. ತಳದಲ್ಲಿ ಉಳಿಯುವುದು ಜೋನಿಬೆಲ್ಲದ ಹಾಗಿನ ಕಪ್ಪು ಅಂಟು. ಇದೇ ಕಚ್ಚಾ ಎಕ್ಸ್‌ಟ್ರಾಕ್ಟ್. ಇದರಲ್ಲಿ ಇನ್ನೂ ನೂರಾರು ಸಂಯುಕ್ತಗಳಿವೆ.

ಹುಳಿ ಹಾಕಿದರೆ ಬರುವವರು, ಬಾರದವರು

ಆರತಿಗೆ ಅರಿಶಿನ ನೀರು ಕಲಸಿ ಸುಣ್ಣ ಹಾಕುತ್ತೀರಿ, ನೀರು ಕೆಂಪಾಗುತ್ತದೆ. ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಅಣು ಅದೇ, ಹುಳಿ ಅಥವಾ ಕ್ಷಾರ ಸೇರಿದಾಗ ಅದರ ನಡತೆ ಬದಲಾಗುತ್ತದೆ. ಈ ಗುಣವೇ ಮುಂದಿನ ಹಂತಕ್ಕೆ ಆಧಾರ.

ಸರ್ಪಗಂಧದಲ್ಲಿರುವ ಮದ್ದಿನ ವಸ್ತುಗಳನ್ನು ಆಲ್ಕಲಾಯ್ಡ್ ಅನ್ನುತ್ತಾರೆ. ನೈಟ್ರೋಜನ್ ಇರುವ, ಸ್ವಲ್ಪ ಕ್ಷಾರದ ಗುಣದ, ಸಾಮಾನ್ಯವಾಗಿ ಕಹಿಯಾದ ಸಂಯುಕ್ತಗಳು. ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್ ಇದೇ ಕುಲದವು. ಇವಕ್ಕೆ ಹುಳಿ ಸೇರಿಸಿದರೆ ಉಪ್ಪಿನಂತಾಗಿ ನೀರಿಗೆ ಇಳಿಯುತ್ತವೆ. ಜಿಡ್ಡು, ಮೇಣ, ಬಣ್ಣ ಹಿಂದೆ ಉಳಿಯುತ್ತವೆ. ಆ ಹುಳಿನೀರನ್ನು ಬೇರೆ ಮಾಡಿ ಅಮೋನಿಯಾ ಹಾಕಿದರೆ ಆಲ್ಕಲಾಯ್ಡ್‌ಗಳು ಮತ್ತೆ ಮೊದಲಿನ ರೂಪಕ್ಕೆ ಬಂದು ನೀರನ್ನು ಬಿಡುತ್ತವೆ. ಅವನ್ನು ಕ್ಲೋರೋಫಾರ್ಮ್‌ನಂಥ ದ್ರವದಲ್ಲಿ ಹಿಡಿಯುತ್ತಾರೆ. ಒಂದು ಹನಿಗೆ ಡ್ರಾಗೆನ್‌ಡಾರ್ಫ್ ದ್ರಾವಣ ಹಾಕಿ, ಕಿತ್ತಳೆ ಬಣ್ಣ ಬಂದರೆ ಆಲ್ಕಲಾಯ್ಡ್ ಇದೆ ಎಂದು ಅಂದಾಜು.

ಅಚ್ಚುಕಟ್ಟಾದ ಉಪಾಯ. ಒಂದೇ ತೊಂದರೆ: ಕ್ಷಾರದ ಗುಣ ಜೋರಾಗಿರುವ ಆಲ್ಕಲಾಯ್ಡ್‌ಗಳು ಕರೆದ ಕೂಡಲೇ ಬರುತ್ತವೆ, ಚೆಂದದ ಹರಳಾಗುತ್ತವೆ. ಗುಣ ದುರ್ಬಲವಾಗಿರುವವು ಹುಳಿನೀರಿಗೆ ಸುಲಭಕ್ಕೆ ಇಳಿಯದೆ ಅಂಟಿನ ಜೊತೆಯೇ ಕೂತುಬಿಡುತ್ತವೆ. ಸರ್ಪಗಂಧದಲ್ಲಿ ಆದದ್ದು ಇದೇ. ಸಿದ್ದಿಕಿಯವರ ಕೈಯಲ್ಲಿ ತಪ್ಪಿರಲಿಲ್ಲ. ಆ ಕಾಲದ ಜರಡಿಯ ಕಣ್ಣು ಹಾಗಿತ್ತು.

ಜಾತ್ರೆಯ ಬೀದಿ

ಈಗ ಕೈಯಲ್ಲಿ ಹತ್ತಾರು ಆಲ್ಕಲಾಯ್ಡ್‌ಗಳ ಗುಂಪು. ಒಬ್ಬೊಬ್ಬರನ್ನೇ ಹೇಗೆ ಬಿಡಿಸುವುದು? ಇದಕ್ಕೆ ಕ್ರೊಮಟೊಗ್ರಫಿ ಎಂಬ ವಿಧಾನ. ಹೆಸರು ಕೇಳಿ ಹೆದರಬೇಡಿ.

ಜಾತ್ರೆಯ ಬೀದಿ ನೆನಪಿಸಿಕೊಳ್ಳಿ. ಬಸ್ಸಿನಿಂದ ಇಳಿದ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಬೀದಿಯ ಎರಡೂ ಕಡೆ ಬಳೆ, ಬೆಂಡು ಬತ್ತಾಸು, ಆಟಿಕೆ. ಬಳೆ ಅಂಗಡಿ ಕಂಡ ಕೂಡಲೇ ನಿಲ್ಲುವವರು ಹಿಂದೆ ಉಳಿಯುತ್ತಾರೆ. ಯಾವ ಅಂಗಡಿಯೂ ಬೇಡ ಅನ್ನುವ ತಾತ ಎಲ್ಲರಿಗಿಂತ ಮೊದಲು ದೇವಸ್ಥಾನ ಸೇರುತ್ತಾರೆ. ಬೀದಿ ಉದ್ದವಾದಷ್ಟೂ ಗುಂಪು ಚದುರುತ್ತದೆ.

ಇಲ್ಲಿ ಬೀದಿ ಅಂದರೆ ಒಂದು ಗಾಜಿನ ಕೊಳವೆ. ಒಳಗೆ ಒತ್ತಾಗಿ ತುಂಬಿದ ಬಿಳಿ ಪುಡಿ, ಸಿಲಿಕಾ. ಹೊಸ ಚಪ್ಪಲಿಯ ಡಬ್ಬದಲ್ಲಿ ‘ತಿನ್ನಬೇಡಿ’ ಎಂದು ಬರೆದ ಪೊಟ್ಟಣ ಇರುತ್ತಲ್ಲ, ಅದೇ ವಸ್ತು, ಇನ್ನೂ ನುಣ್ಣಗೆ. ಮೇಲೆ ಮಿಶ್ರಣ ಹಾಕಿ ದ್ರವ ಹರಿಸುತ್ತಾ ಹೋದರೆ ಸಿಲಿಕಾಗೆ ಅಂಟಿಕೊಳ್ಳುವ ಅಣುಗಳು ನಿಧಾನ, ಅಂಟಿಕೊಳ್ಳದವು ಬೇಗ. ಕೆಳಗೆ ಒಂದಾದ ಮೇಲೊಂದು ಸೀಸೆ ಇಟ್ಟು ಹಿಡಿಯುತ್ತಾರೆ. ಒಂದೊಂದು ಸೀಸೆಯ ಪಾಲನ್ನು ಫ್ರ್ಯಾಕ್ಷನ್ ಅನ್ನುತ್ತಾರೆ. ಈಗಿನ ಎಚ್‌ಪಿಎಲ್‌ಸಿ ಯಂತ್ರ ಕೂಡ ಇದೇ ಜಾತ್ರೆ ಬೀದಿ. ಪಂಪ್ ಹಾಕಿ ಜನರನ್ನು ತಳ್ಳುತ್ತಾರೆ, ಕೊನೆಯಲ್ಲಿ ಯಂತ್ರವೇ ನಿಂತು ಎಣಿಸುತ್ತದೆ.

ಪ್ರತಿ ಸೀಸೆಯನ್ನೂ ಪರೀಕ್ಷಿಸಬೇಕು, ಎಸೆಯಬೇಕು ಅನಿಸುವುದನ್ನೂ ಸೇರಿಸಿ. ಯಾವುದರಲ್ಲಿ ಗುಣ ಕಾಣುತ್ತದೋ ಅದನ್ನು ಮತ್ತೆ ಬಿಡಿಸಿ, ಮತ್ತೆ ಪರೀಕ್ಷಿಸುತ್ತಾ ಹೋಗಬೇಕು. ಕತ್ತಲಲ್ಲಿ ಬಿದ್ದ ಮೂಗುಬೊಟ್ಟು ಹುಡುಕುವಾಗ ಟಾರ್ಚ್ ಹಿಡಿದವರೂ ಗುಡಿಸುವವರೂ ಜೊತೆಯಲ್ಲೇ ಹೋಗಬೇಕಲ್ಲ, ಹಾಗೆ. ಚೆನ್ನಾಗಿ ಕಾಣುವ ಹರಳಿನ ಹಿಂದೆ ಹೋದರೆ ಚೆನ್ನಾಗಿ ಕಾಣುವ ಹರಳು ಸಿಗುತ್ತದೆ, ಅಷ್ಟೇ.

ಚರಟದೊಳಗಿದ್ದದ್ದು

1952ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಸಿಬಾ ಕಂಪನಿಯಲ್ಲಿ ಮುಲ್ಲರ್, ಶ್ಲಿಟ್ಲರ್, ಬೈನ್ ಎಂಬ ಮೂವರು ಆ ಕಂದು ಅಂಟನ್ನೇ ಹಿಡಿದು ಬಿಡಿಸಿದರು. ಪ್ರತಿ ಹಂತದಲ್ಲೂ ಪ್ರಾಣಿಗಳ ಮೇಲೆ ಪರೀಕ್ಷೆ: ಯಾವ ಪಾಲು ಕೊಟ್ಟಾಗ ಶಾಂತವಾಗುತ್ತವೆ? ಕೊನೆಗೆ ತೆಳು ಬಣ್ಣದ ಹರಳೊಂದು ಸಿಕ್ಕಿತು. ಅದಕ್ಕೆ ರೆಸರ್ಪಿನ್ ಎಂದು ಹೆಸರಿಟ್ಟರು. ಒಣಗಿದ ಬೇರಿನಲ್ಲಿ ಅದು ಇರುವುದು ಹೆಚ್ಚೆಂದರೆ ಸಾವಿರಕ್ಕೆ ಒಂದು ಪಾಲಿನಷ್ಟು, ಹಲವು ಸಲ ಅದಕ್ಕೂ ಕಡಿಮೆ. ಒಂದು ಕಿಲೋ ಬೇರಿಗೆ ಒಂದು ಗ್ರಾಂ ಸಿಕ್ಕರೆ ಪುಣ್ಯ.

ಸಿಕ್ಕ ಅಣು ಹೇಗಿದೆ ಎಂದು ತಿಳಿಯುವುದು ಇನ್ನೊಂದು ದೊಡ್ಡ ಕೆಲಸ. ಇವತ್ತು ಯಂತ್ರಗಳಿವೆ. ಒಂದು ಅಣುವನ್ನು ತೂಗುತ್ತದೆ, ಇನ್ನೊಂದು ಯಾವ ಪರಮಾಣು ಯಾವುದರ ಪಕ್ಕ ಕೂತಿದೆ ಎಂದು ಹೇಳುತ್ತದೆ. ಆಗ ಇವೆಲ್ಲ ಹೀಗಿರಲಿಲ್ಲ. ಅಣುವನ್ನು ಒಡೆದು, ಚೂರುಗಳನ್ನು ಗುರುತಿಸಿ, ಒಟ್ಟು ಹೇಗಿದ್ದಿರಬಹುದು ಎಂದು ಊಹಿಸಬೇಕಿತ್ತು. 1956ರಲ್ಲಿ ಹಾರ್ವರ್ಡ್‌ನ ರಾಬರ್ಟ್ ವುಡ್‌ವರ್ಡ್ ಬೇರಿನ ಸಹಾಯವೇ ಇಲ್ಲದೆ ರೆಸರ್ಪಿನ್ ತಯಾರಿಸಿ ತೋರಿಸಿದರು. ಒಂದು ತಮಾಷೆ: ಅಣು ತೂಗುವ ಯಂತ್ರ ಎಷ್ಟು ಚುರುಕಾಗಿದೆ ಎಂದು ನೋಡಲು ಇವತ್ತೂ ಪ್ರಯೋಗಾಲಯಗಳಲ್ಲಿ ರೆಸರ್ಪಿನ್ ಬಳಸುತ್ತಾರೆ. ಕಾಡಿನ ಬೇರಿನಲ್ಲಿದ್ದ ವಸ್ತು ತಕ್ಕಡಿಯ ಬಟ್ಟಾಗಿದೆ.

ಪರೀಕ್ಷೆ ಎಂದರೆ ಯಾವ ಪರೀಕ್ಷೆ?

‘ಈ ಬೇರು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಸುಳ್ಳೇ ಆಗಿರಬೇಕಿಲ್ಲ. ಎಲ್ಲಿ ಕೊಂದಿತು ಅನ್ನುವುದು ಪ್ರಶ್ನೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ನೆಲ ಒರೆಸುವ ಫಿನಾಯಿಲ್ ಹಾಕಿದರೂ ಅವು ಸಾಯುತ್ತವೆ. ತಟ್ಟೆಯ ಪರೀಕ್ಷೆ ಮೊದಲ ಜರಡಿ ಮಾತ್ರ. ಬಾಯಿಂದ ನುಂಗಿದ ವಸ್ತು ಹೊಟ್ಟೆಯ ಹುಳಿ ದಾಟಬೇಕು, ಕರುಳಿನಿಂದ ರಕ್ತಕ್ಕೆ ಹೋಗಬೇಕು, ಲಿವರ್ ಅದನ್ನು ಒಡೆಯದೆ ಬಿಡಬೇಕು. ತಟ್ಟೆಯಲ್ಲಿದ್ದಷ್ಟು ಪ್ರಮಾಣ ರಕ್ತದಲ್ಲಿ ಸಿಗುವುದು ಬಲು ಅಪರೂಪ.

ಕೆಲವು ವಸ್ತುಗಳು ಪರೀಕ್ಷೆಗೇ ಮೋಸ ಮಾಡುತ್ತವೆ. ಅರಿಶಿನದ ಕರ್ಕ್ಯುಮಿನ್ ಇದಕ್ಕೆ ಹೆಸರುವಾಸಿ. (ಅರಿಶಿನ ಬೇರಲ್ಲ, ನೆಲದೊಳಗಿನ ಕಾಂಡ. ಆದರೂ ಇಲ್ಲಿ ಒಳ್ಳೆಯ ಉದಾಹರಣೆ.) ಅದಕ್ಕೆ ಬಣ್ಣ ಇದೆ, ಬೆಳಕು ಬಿದ್ದರೆ ಹೊಳೆಯುತ್ತದೆ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಬಣ್ಣ ಅಥವಾ ಹೊಳಪು ನೋಡಿ ತೀರ್ಮಾನಿಸುವ ಪರೀಕ್ಷೆಗಳಲ್ಲಿ ಎಲ್ಲದಕ್ಕೂ ‘ಪಾಸ್’ ಬರುತ್ತದೆ. 2017ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆ ಈ ಎಚ್ಚರಿಕೆಯನ್ನು ಬಿಡಿಸಿ ಹೇಳಿತು.

ಆದ್ದರಿಂದ ಜೊತೆಗೆ ಹೋಲಿಕೆ ಬೇಕು. ಎಕ್ಸ್‌ಟ್ರಾಕ್ಟ್ ಹಾಕಿದ ತಟ್ಟೆಯ ಪಕ್ಕ ಬರೀ ಆಲ್ಕೋಹಾಲ್ ಹಾಕಿದ ತಟ್ಟೆ. ಮದ್ದು ನುಂಗಿದವರ ಪಕ್ಕ ನೋಡಲು ಅದೇ ಥರ ಇರುವ, ಮದ್ದಿಲ್ಲದ ಗುಳಿಗೆ ನುಂಗಿದವರು. ಬಿ.ಪಿ.ಯಂತೂ ತನ್ನಷ್ಟಕ್ಕೇ ಏರಿಳಿಯುವಂಥದ್ದು. ಮೊದಲ ದಿನ ಡಾಕ್ಟರ ಮುಂದೆ ಹೆದರಿ ಏರಿರುತ್ತದೆ, ನಾಲ್ಕನೇ ಸಲ ಹೋದಾಗ ರೂಢಿಯಾಗಿ ಇಳಿದಿರುತ್ತದೆ. ನಡುವೆ ಏನು ತಿಂದಿರುತ್ತೇವೋ ಹೆಸರು ಅದಕ್ಕೆ.

ಸರ್ಪಗಂಧವನ್ನು ಜಗತ್ತಿನ ವೈದ್ಯರ ಮುಂದಿಟ್ಟವರು ಮುಂಬೈನ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್. 1949ರಲ್ಲಿ, ರೆಸರ್ಪಿನ್ ಇನ್ನೂ ಸಿಗುವ ಮೊದಲೇ, 50 ಬಿ.ಪಿ. ರೋಗಿಗಳಿಗೆ ಬೇರಿನ ಗುಳಿಗೆ ಕೊಟ್ಟು ನೋಡಿದ ವಿವರವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಅದನ್ನು ಓದಿದ ಮೇಲೆ ವಿದೇಶಗಳಲ್ಲಿ ಕುತೂಹಲ ಹುಟ್ಟಿತು. ಕೆಲವೇ ವರ್ಷಗಳಲ್ಲಿ ರೆಸರ್ಪಿನ್ ಬಿ.ಪಿ.ಗೂ ಮಾನಸಿಕ ಕಾಯಿಲೆಗೂ ಎಲ್ಲೆಡೆ ಬಳಕೆಗೆ ಬಂತು.

ಪರೀಕ್ಷೆ ಅಲ್ಲಿಗೂ ನಿಲ್ಲುವುದಿಲ್ಲ. 1974ರಲ್ಲಿ ರೆಸರ್ಪಿನ್ ತೆಗೆದುಕೊಳ್ಳುವ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಗಳು ಬಂದವು. ಗಾಬರಿಯಾಯಿತು. ಆಮೇಲೆ ನೋಡಿದರೆ ಹೋಲಿಕೆಯಲ್ಲೇ ಎಡವಟ್ಟು. ಕ್ಯಾನ್ಸರ್ ಇಲ್ಲದವರ ಗುಂಪನ್ನು ಆರಿಸುವಾಗ ಹೃದಯ, ಬಿ.ಪಿ. ರೋಗಿಗಳನ್ನು ಬಿಟ್ಟಿದ್ದರು. ಬಿ.ಪಿ. ರೋಗಿಗಳನ್ನೇ ಬಿಟ್ಟ ಗುಂಪಿನಲ್ಲಿ ಬಿ.ಪಿ. ಮಾತ್ರೆ ನುಂಗುವವರು ಕಡಿಮೆ ಇರದೆ ಇನ್ನೇನು? ನಂತರದ ಅಧ್ಯಯನಗಳಲ್ಲಿ ಆ ನಂಟು ನಿಲ್ಲಲಿಲ್ಲ.

ಬಿ.ಪಿ. ಇಳಿದದ್ದು ಹೇಗೆ

ಒಂದು ನರ ಇನ್ನೊಂದಕ್ಕೆ ಸುದ್ದಿ ಕಳಿಸುವುದು ಡೋಪಮಿನ್, ನಾರ್‌ಅಡ್ರಿನಲಿನ್, ಸೆರೊಟೊನಿನ್‌ನಂಥ ರಾಸಾಯನಿಕಗಳ ಮೂಲಕ. ನರದ ತುದಿಯಲ್ಲಿ ಇವನ್ನು ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಟ್ಟಿರುತ್ತದೆ. ರೆಸರ್ಪಿನ್ ಆ ಚೀಲದ ಬಾಯಿಗೆ ಹೋಗಿ ಅಡ್ಡ ಕೂರುತ್ತದೆ. ಒಳಗೆ ಹೋಗಲಾಗದ ಸರಕು ಹೊರಗೇ ಬಿದ್ದು ಕೆಟ್ಟುಹೋಗುತ್ತದೆ. ದಾಸ್ತಾನು ಖಾಲಿ. ರಕ್ತನಾಳಕ್ಕೆ ‘ಬಿಗಿಯಾಗು’ ಎಂದು ಹೋಗುತ್ತಿದ್ದ ಸುದ್ದಿ ನಿಲ್ಲುತ್ತದೆ, ನಾಳ ಸಡಿಲವಾಗುತ್ತದೆ, ಬಿ.ಪಿ. ಇಳಿಯುತ್ತದೆ.

ಆದರೆ ಅವೇ ರಾಸಾಯನಿಕಗಳು ಮಿದುಳಿನಲ್ಲೂ ಇವೆ. ಅಲ್ಲೂ ದಾಸ್ತಾನು ಖಾಲಿಯಾಗುತ್ತದೆ. ಶಾಂತವಾಗುವುದು, ಮಂಪರು, ಮೂಗು ಕಟ್ಟುವುದು, ಹೆಚ್ಚಾದರೆ ಮನಸ್ಸು ಕುಗ್ಗುವುದು, ಕೈಕಾಲು ಮರಗಟ್ಟಿದಂತಾಗುವುದು ಎಲ್ಲ ಅದೇ ಚೀಲದ ಕಥೆ. ಇದರ ಡೋಸ್ ದಿನಕ್ಕೆ 0.1ರಿಂದ 0.25 ಮಿಲಿಗ್ರಾಂ. ಸಾಸಿವೆ ಕಾಳಿಗಿಂತ ಎಷ್ಟೋ ಹಗುರ. ಒಂದು ಬೇರಿನಲ್ಲಿ ಸಾವಿರಕ್ಕೆ ಒಂದು ಪಾಲು, ಇನ್ನೊಂದರಲ್ಲಿ ಅದರ ಮೂರನೇ ಒಂದು ಇದ್ದರೆ ಒಂದೇ ಚಮಚ ಪುಡಿಯಲ್ಲಿ ಡೋಸ್ ಮೂರುಪಟ್ಟು ಹೆಚ್ಚುಕಮ್ಮಿ. ಮನೆಯಲ್ಲಿ ಅಳೆದು ತೆಗೆದುಕೊಳ್ಳುವ ಮದ್ದಲ್ಲ ಇದು. ಈಗ ಬೇರೆ ಬಿ.ಪಿ. ಮಾತ್ರೆಗಳಿರುವುದರಿಂದ ವೈದ್ಯರೂ ರೆಸರ್ಪಿನ್ ಬರೆಯುವುದು ಅಪರೂಪ.

ಇದರ ಕೆಟ್ಟ ಪರಿಣಾಮದಿಂದಲೇ ಒಂದು ದೊಡ್ಡ ಒಳ್ಳೆಯದೂ ಆಯಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಅವು ಅಲ್ಲಾಡದೆ ಕೂತುಬಿಟ್ಟವು. ಆಮೇಲೆ ಮೈಯೊಳಗೆ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಎಂಬ ವಸ್ತು ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಡೋಪಮಿನ್‌ಗೂ ಮೈ ಚಲನೆಗೂ ಇರುವ ನಂಟು ಹೀಗೆ ಹೊರಬಿತ್ತು. ಪಾರ್ಕಿನ್‌ಸನ್ ರೋಗಿಗಳಿಗೆ ಇವತ್ತು ಕೊಡುವ ಮುಖ್ಯ ಮದ್ದು ಅದೇ ಎಲ್-ಡೋಪಾ. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಬೆಲೆ ತೆತ್ತದ್ದು ಗಿಡ. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ, ಬೇರು ಕಿತ್ತರೆ ಗಿಡವೇ ಹೋಯಿತು. ಬೇಡಿಕೆ ಏರಿದ ಮೇಲೆ ಕಾಡಿನಲ್ಲಿ ಸರ್ಪಗಂಧ ಕಡಿಮೆಯಾಗಿ, 1990ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ತಂದರು. ಮಾಗಳಿ ಬೇರಿನದೂ ಇದೇ ಪಾಡು. ಕಾಡಿನಿಂದ ಅಗೆದು ತಂದದ್ದೇ ಹೆಚ್ಚು.

ಮತ್ತೆ ಡಬ್ಬಿಯ ಹತ್ತಿರ

ಈಗ ಆಂಟಿಯ ಲೇಬಲ್ ಓದೋಣ. ‘ಎಕ್ಸ್‌ಟ್ರಾಕ್ಟ್’ ಅಂದರೆ ಡಿಕಾಕ್ಷನ್ ಇಳಿಸಿ ಒಣಗಿಸಿದ್ದು, ಬರೀ ಬೇರಿನ ಪುಡಿಯಲ್ಲ. ಒಂದು ಗ್ರಾಂ ಎಕ್ಸ್‌ಟ್ರಾಕ್ಟ್ ಹಿಂದೆ ಹಲವು ಗ್ರಾಂ ಬೇರು ಇರುತ್ತದೆ. ಅಜ್ಜಿ ಹಾಲಿಗೆ ಹಾಕುತ್ತಿದ್ದ ಚಮಚದ ಲೆಕ್ಕ ಇಲ್ಲಿ ನಡೆಯಲ್ಲ. ‘ವಿಥನೊಲೈಡ್’ ಒಂದು ಸಂಯುಕ್ತದ ಹೆಸರಲ್ಲ, ಅಶ್ವಗಂಧದಲ್ಲಿರುವ ಒಂದು ಕುಟುಂಬದ ಹೆಸರು. ವಿಥಫೆರಿನ್ ಎ, ವಿಥನೊಲೈಡ್ ಎ ಮುಂತಾದವರೆಲ್ಲ ಅದರ ಸದಸ್ಯರು. ‘5%’ ಅಂದರೆ ಆ ಕುಟುಂಬದವರು ಒಟ್ಟು ಸೇರಿ ನೂರಕ್ಕೆ ಐದು ಪಾಲು.

ಹೇಗೆ ಅಳೆದರು ಅನ್ನುವುದರ ಮೇಲೂ ಈ ಐದು ನಿಂತಿದೆ. ಎಚ್‌ಪಿಎಲ್‌ಸಿಯಲ್ಲಿ ಒಬ್ಬೊಬ್ಬರನ್ನೇ ಎಣಿಸಿದರೆ ಒಂದು ಅಂಕಿ ಬರುತ್ತದೆ. ಒಂದು ದ್ರವದಲ್ಲಿ ಕರಗಿದ್ದನ್ನೆಲ್ಲ ಒಣಗಿಸಿ ತೂಗಿದರೆ ಅದಕ್ಕಿಂತ ದೊಡ್ಡ ಅಂಕಿ ಬರುತ್ತದೆ, ಕುಟುಂಬದವರಲ್ಲದವರೂ ತಕ್ಕಡಿ ಹತ್ತಿರುತ್ತಾರೆ. ಇನ್ನೊಂದು ದಾರಿಯೂ ಇದೆ. ವಿಥಫೆರಿನ್ ಎ ಬೇರಿಗಿಂತ ಎಲೆಯಲ್ಲಿ ಜಾಸ್ತಿ, ಎಲೆ ಅಗ್ಗ. ಎಲೆ ಬೆರೆಸಿದರೆ ಅಂಕಿ ಏರುತ್ತದೆ, ಆದರೆ ಅದು ಬೇರಿನ ಮದ್ದಾಗಿ ಉಳಿಯಲ್ಲ. 2021ರಲ್ಲಿ ಆಯುಷ್ ಸಚಿವಾಲಯ ಅಶ್ವಗಂಧದ ಎಲೆ ಬಳಸಬೇಡಿ ಎಂದು ತಯಾರಕರಿಗೆ ಸೂಚನೆ ಕೊಟ್ಟಿತ್ತು. ಅಶ್ವಗಂಧ ತೆಗೆದುಕೊಂಡ ಕೆಲವರಿಗೆ ಲಿವರ್ ತೊಂದರೆ, ಕಾಮಾಲೆ ಆದ ವರದಿಗಳು ಹಲವು ದೇಶಗಳಿಂದ ಬಂದಿವೆ. ಡೆನ್ಮಾರ್ಕ್ 2023ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಥೈರಾಯ್ಡ್, ಸಕ್ಕರೆ ಕಾಯಿಲೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು ಅನ್ನುವುದು ಸಾಮಾನ್ಯ ಸಲಹೆ.

ಉಳಿದ 95? ಬೇರಿನ ಸಕ್ಕರೆಗಳು, ಕರಗಿ ಬಂದ ಇತರ ಸಂಯುಕ್ತಗಳು, ಕೆಲವು ಸಲ ಪುಡಿ ಗಂಟಾಗದಿರಲೆಂದು ಸೇರಿಸಿದ ಪಿಷ್ಟ. ಸುಮ್ಮನೆ ಕೂತಿರುವುದೂ ಇದೆ, ಏನೋ ಕೆಲಸ ಮಾಡುತ್ತಿರುವುದೂ ಇರಬಹುದು. ಲೇಬಲ್ಲಿನ 5 ಅಂದರೆ ‘ಮದ್ದು ಇಷ್ಟು’ ಎಂದಲ್ಲ, ‘ನಾವು ಎಣಿಸಿದ್ದು ಇಷ್ಟು’ ಎಂದು. ಹೀಗೆ ಹೇಳಿದಾಗ ಆಂಟಿ ಡಬ್ಬಿ ತಿರುಗಿಸಿ ಇನ್ನೊಂದು ಸಲ ನೋಡಿದರು. ಅವರಿಗೆ ಥೈರಾಯ್ಡ್ ಮಾತ್ರೆ ಇದೆ. ಡಾಕ್ಟರ್ ಹತ್ತಿರ ಹೋಗುವಾಗ ಡಬ್ಬಿಯನ್ನೂ ಒಯ್ಯುತ್ತೇನೆ ಅಂದರು.

ಆ ಮೊದಲ ಹರಳುಗಳು ಏನಾದವು

1931ರಲ್ಲಿ ದೆಹಲಿಯಲ್ಲಿ ಸಿಕ್ಕ ಅಜ್ಮಲೀನ್ ಮಂಪರು ತರಲಿಲ್ಲ ಎಂದು ಆಗಲೇ ಹೇಳಿದೆ. ಆಮೇಲೆ ಬೇರೆ ಪರೀಕ್ಷೆ ಮಾಡಿದಾಗ ಅದು ಹೃದಯದ ವಿದ್ಯುತ್ ಹರಿವನ್ನು ತಡೆಯುತ್ತದೆ ಎಂದು ಗೊತ್ತಾಯಿತು. ಹೃದಯದ ಬಡಿತ ತಾಳ ತಪ್ಪಿದಾಗ ಕೊಡುವ ಮದ್ದಾಯಿತು.

1992ರಲ್ಲಿ ಹೃದಯ ತಜ್ಞರಾದ ಬ್ರುಗಾಡಾ ಸಹೋದರರು ಒಂದು ಹೃದಯದ ಕಾಯಿಲೆಯನ್ನು ವಿವರಿಸಿದರು. ಹೊರಗೆ ಏನೂ ಕಾಣದ ಮನುಷ್ಯ, ಹಲವು ಸಲ ನಿದ್ದೆಯಲ್ಲೇ, ಹಠಾತ್ತಾಗಿ ತೀರಿಕೊಳ್ಳಬಹುದು. ಇಸಿಜಿ ತೆಗೆದರೂ ಎಲ್ಲ ಸಲ ಅದು ಕಾಣುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಹಾಗಾಗಿದ್ದರೆ ಉಳಿದವರನ್ನು ಪರೀಕ್ಷಿಸಬೇಕಾಗುತ್ತದೆ. ಆಗ ಯುರೋಪಿನ ಆಸ್ಪತ್ರೆಗಳಲ್ಲಿ, ತುರ್ತು ಸಲಕರಣೆಯೆಲ್ಲ ಪಕ್ಕದಲ್ಲಿಟ್ಟುಕೊಂಡು, ರಕ್ತನಾಳಕ್ಕೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಕಾಯಿಲೆ ಅಡಗಿದ್ದರೆ ಕೆಲವೇ ನಿಮಿಷದಲ್ಲಿ ಇಸಿಜಿಯ ಗೆರೆ ಬದಲಾಗುತ್ತದೆ. ಆ ಇಂಜೆಕ್ಷನ್ನಿನ ಸೀಸೆಯ ಮೇಲೆ ಅಜ್ಮಲೀನ್ ಎಂದು ಬರೆದಿರುತ್ತದೆ.